ಪಿಟೀಲಿನವರ ಪಕ್ಷ, ಢೋಲಕ್ಕಿನವರ ಪಕ್ಷ

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದೆಲ್ಲ ಸಲೀಸು. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನಮ್ಮ ಟೀಚರು ನನ್ನ ಹತ್ತಿರ ಬಂದು, "ನೀನು ಬರೇ ಬಾಯಿ ಆಡಿಸು, ಸಾಕು" ಎಂದು ಪ್ರೀತಿಯಿಂದಲೇ ಹೇಳಿದ್ದರು. ಮದುವೆಯಾದ ಹೊಸತರಲ್ಲಿ ಬಚ್ಚಲಲ್ಲಿ ಒಂದೆರಡು ಸಲ ಗುನುಗಿದೆ. ನನ್ನ ಹೆಂಡತಿ ಸುಗುಣ ಹೊರಗಿನಿಂದ ಬಾಗಿಲು ತಟ್ಟಿ, ನೀರಿನ ಬಿಸಿ ಹೆಚ್ಚಾಯಿತೇ ಎಂದು ಗಾಬರಿಯಲ್ಲಿ ವಿಚಾರಿಸಿದಳು. ಆದರೆ ಹಾಡಲು ಬಾರದವನಿಗೆ ಹಾಡಿನ ಬಗ್ಗೆ ಇರುವಷ್ಟು ಗಟ್ಟಿ ಅಭಿಪ್ರಾಯ ಹಾಡುಗಾರರಿಗೂ ಇರುವುದಿಲ್ಲ ಎಂಬುದು ನನ್ನ ಅನುಭವ. ಕುಂದಾಪುರದ ಕಾಲೇಜೊಂದರಲ್ಲಿ ನಾನು ಮೂವತ್ತು ವರ್ಷದಿಂದ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ಬರೆದದ್ದರ ಬಗ್ಗೆಯೂ ನನಗೆ ಅಲ್ಲಲ್ಲಿ ಅನುಮಾನಗಳಿವೆ. ಆದರೆ ಕಳೆದ ಶತಮಾನದ ಅತಿ ದೊಡ್ಡ ಸಿನಿಮಾ ಸಂಗೀತ ನಿರ್ದೇಶಕರು ಯಾರು ಎಂಬ ಪ್ರಶ್ನೆಯಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಅವರ ಹೆಸರೇನು ಎಂದು ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಈ ಬರಹವನ್ನು ಇಲ್ಲಿಗೇ ಬಿಟ್ಟು ನನ್ನ ವಿಳಾಸ ಹುಡುಕಲು ಹೊರಡುತ್ತೀರಿ. ಅದೂ ಅಲ್ಲದೆ ನಮ್ಮ ಮನೆಯಲ್ಲಿ ಆ ಹೆಸರು ಹೇಳುವುದಕ್ಕೆ ನಿಷೇಧವಿದೆ. ಒಂದು ಭಾನುವಾರ ಊಟದ ಹೊತ್ತಿನಲ್ಲಿ ನಾನೂ ನನ್ನ ಭಾವನೂ ಈ ವಿಷಯಕ್ಕೆ ಕೂಗಾಡಿ, ಬಡಿಸಿದ ಮಜ್ಜಿಗೆ ಮೇಲಾರ ತಣ್ಣಗಾಗಿ ಕೆನೆ ಕಟ್ಟಿದಾಗ ಸುಗುಣ ಸೌಟು ಕೆಳಗಿಟ್ಟು, "ಈ ಮನಿಯಂಗೆ ಇನ್ನ್ ಆ ಇಬ್ರ್ ಹೆಸ್ರ್ ತೆಗೂಕಾಗ. ತೆಗ್ದ್ರೆ ಉಂಬುಕ್ ಹಾಕುದಿಲ್ಲ" ಎಂದು ಘೋಷಿಸಿದಳು. ನಮ್ಮ ಅಜ್ಜಿಯಂದಿರು ಗಂಡನ ಹೆಸರು ಹೇಳದೆ ಅರುವತ್ತು ವರ್ಷ ಸಂಸಾರ ನಡೆಸಿದರು. ಅವರ ಮೊಮ್ಮಗನಾದ ನಾನು ಸಂಗೀತ ನಿರ್ದೇಶಕರ ಹೆಸರು ಹೇಳದೆ ನಡೆಸುತ್ತಿದ್ದೇನೆ. ಅವತ್ತಿನಿಂದ ನನ್ನವರು 'ಪಿಟೀಲಿನವರು' ಆದರು. ಮದರಾಸಿನ ಸ್ಟುಡಿಯೋಗಳಲ್ಲಿ ಕೂತು ನಮ್ಮ ಕನ್ನಡಕ್ಕೆ ಹಾಡು ಕಟ್ಟಿಕೊಟ್ಟವರು ಅವರು. ಭಾವ ಮೆಚ್ಚಿದವರು 'ಢೋಲಕ್ಕಿನವರು' ಆದರು. ಅವರು ಮುಂಬೈಯವರು, ಹಿಂದಿಯವರು. ಇಷ್ಟು ತಿಳಿದರೆ ಕಥೆಗೆ ಸಾಕು.

ಭಾವ ಎಂದರೆ ಸುಗುಣಳ ಅಣ್ಣ ಶ್ರೀಪತಿ. ನನಗಿಂತ ಆರು ವರ್ಷ ದೊಡ್ಡವರು. ಹದಿನೇಳನೇ ವಯಸ್ಸಿಗೆ ಮುಂಬೈಗೆ ಹೋಗಿ, ಅಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲಿನ ಅಡಿಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಈಗ ಬ್ರಹ್ಮಾವರದ ಹತ್ತಿರ ಚಿಕ್ಕದೊಂದು ಮನೆ ಕಟ್ಟಿಕೊಂಡಿದ್ದಾರೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಅವರ ಸ್ಕೂಟರು ಸಾಸ್ತಾನದ ಟೋಲ್ ದಾಟಿ ಸಾಲಿಗ್ರಾಮದ ನಮ್ಮ ಮನೆಗೆ ಬರುತ್ತದೆ. ಹೆಲ್ಮೆಟ್ ತೆಗೆಯುವ ಮೊದಲೇ, "ಹ್ವಾಯ್, ನಿನ್ನೆ ನಿಮ್ಮವ್ರ ಒಂದ್ ಹಾಡ್ ಕೇಂಡೆ. ಅರೆ, ಎಂತ ಅದ್, ಮಂಗಳಾರತಿಯಾ?" ಎಂದು ಶುರುಮಾಡುತ್ತಾರೆ. ಅಲ್ಲಿಂದ ಸಂಜೆಯವರೆಗೆ ನಮಗೆ ಬೇರೆ ಲೋಕವಿಲ್ಲ. ಒಮ್ಮೆ ಸಂಸಾರ ಸಮೇತ ಕೊಲ್ಲೂರಿಗೆ ಹೊರಟಿದ್ದೆವು. ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಬೇಕಿತ್ತು. ಆಗ ನಾವು ಪಲ್ಲವಿ ಮುಗಿದು ಚರಣ ಶುರುವಾಗುವ ನಡುವಿನ ಸಂಗೀತವನ್ನು ಯಾರು ಚೆನ್ನಾಗಿ ಮಾಡುತ್ತಾರೆ ಎಂಬ ಘಟ್ಟದಲ್ಲಿದ್ದೆವು. ಎಡಕ್ಕೆ ತ್ರಾಸಿಯ ಸಮುದ್ರ ಕಂಡಾಗಲೇ ನನಗೆ ಎಚ್ಚರವಾದದ್ದು. ಹಿಂದಿನ ಸೀಟಿನಲ್ಲಿದ್ದ ಸುಗುಣ, "ನೀವ್ ಇಬ್ರೂ ಸಮುದ್ರ ಕಾಂಬುಕೆ ಹೊರಟದ್ದ್ ಅಂದ್ಕಂಡೆ" ಎಂದಳು. ಬೈಂದೂರಿಗೆ ಹೋಗಿ ಸುತ್ತು ಹಾಕಿ ದೇವಸ್ಥಾನ ಮುಟ್ಟುವಾಗ ಮಹಾಪೂಜೆ ಮುಗಿದಿತ್ತು. ವಾದ ಮುಗಿದಿರಲಿಲ್ಲ.

ಹೀಗೆ ಎಷ್ಟೋ ವರ್ಷ ಚಂದವಾಗಿ ನಡೆದದ್ದನ್ನು ನಾನೇ ಹಾಳುಮಾಡಿದೆ. ಕೋಟದಲ್ಲಿ ನೆಂಟರೊಬ್ಬರ ಮನೆಯ ಉಪನಯನ. ಪಂಕ್ತಿಯಲ್ಲಿ ನಾನೂ ಭಾವನೂ ಅಕ್ಕಪಕ್ಕ ಕೂತಿದ್ದೆವು. ಸಾರಿಗೆ ಶುರುವಾದ ವಾದ ಹುಳಿಗೆ ಬರುವಾಗ ಬಿಸಿಯೇರಿತ್ತು. ಅಕ್ಕಪಕ್ಕದವರೆಲ್ಲ ಉಣ್ಣುವುದು ಬಿಟ್ಟು ನಮ್ಮನ್ನೇ ಕೇಳುತ್ತಿದ್ದರು. ಕೇಳುವವರಿದ್ದರೆ ನನಗೆ ನಾಲಿಗೆ ಉದ್ದವಾಗುತ್ತದೆ. ಭಾವ ಒಂದು ಒಳ್ಳೆಯ ಮಾತಿನ ಏಟು ಹೊಡೆದು ಎಲ್ಲರನ್ನೂ ನಗಿಸಿದರು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಾಗ ಬಾಯಿಗೆ ಬರುವುದು ಬರಬಾರದ್ದೇ. "ಹೋಟ್ಲ್ ಅಡಿಗಿಮನಿಯಂಗೆ ತಟ್ಟಿ ಲೋಟದ ಸದ್ದಿನ ಮಧ್ಯ ಹಾಡ್ ಕೇಂಡವ್ರಿಗೆ ಸಂಗೀತ ಎಂತ ಗೊತ್ತಾತ್ತ್ ಭಾವ?" ಎಂದುಬಿಟ್ಟೆ.

ಯಾರೂ ನಗಲಿಲ್ಲ. ಭಾವ ಎಲೆಯನ್ನು ನೋಡಿದರು. ಎಡಗೈಯಿಂದ ಶಾಲು ಸರಿಮಾಡಿಕೊಂಡು ಎದ್ದು ಹೊರಟರು. ಪಾಯಸ ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಪಂಕ್ತಿಯಿಂದ ಎಲ್ಲರೂ ಒಟ್ಟಿಗೇ ಏಳುವುದು. ಮೊದಲೇ ಉಂಡು ಮುಗಿಸಿದವನೂ ಒಣಗಿದ ಕೈ ಎತ್ತಿ ಹಿಡಿದು, ಕೊನೆಯ ಮುದುಕನ ಮಜ್ಜಿಗೆ ಮುಗಿಯುವವರೆಗೆ ಕಾಯುತ್ತಾನೆ. ಭಾವ ಅಂಥ ಕ್ರಮದ ಮನುಷ್ಯ, ನಡುವೆ ಎದ್ದದ್ದು ಅದೇ ಮೊದಲು. ಎದುರು ಸಾಲಿನಲ್ಲಿದ್ದ ಸುಗುಣ ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸುವುದಿಲ್ಲ. ನನ್ನ ಎಲೆಗೆ ಪಾಯಸ ಬಿತ್ತು. ನಾಚಿಕೆಯಿಲ್ಲದೆ ಉಂಡೆ, ಎರಡನೇ ಸಲವೂ ಹಾಕಿಸಿಕೊಂಡೆ, ಏಕೆಂದರೆ ತಲೆಯೆತ್ತಿದರೆ ಎಲ್ಲರ ಮುಖ ನೋಡಬೇಕಿತ್ತು.

ಆಮೇಲೆ ಎಂಟು ತಿಂಗಳು ಸ್ಕೂಟರು ಟೋಲ್ ದಾಟಲಿಲ್ಲ. ಹೋಗಿ ತಪ್ಪಾಯಿತು ಎಂದರೆ ಮುಗಿಯುತ್ತಿತ್ತು. ಎರಡು ಸಲ ಹೊರಟೆ ಕೂಡ. ಸಾಸ್ತಾನದವರೆಗೆ ಹೋಗಿ, ಅಲ್ಲಿ ಒಂದು ಚಹಾ ಕುಡಿದು, ಭಾವನೇ ಮೊದಲು ಮಂಗಳಾರತಿ ಎಂದದ್ದು ನೆನಪಾಗಿ, ವಾಪಸು ಬಂದೆ. ಭಾನುವಾರ ಎಂಬುದು ಎಷ್ಟು ಉದ್ದದ ದಿನ ಎಂದು ಆ ಕಾಲದಲ್ಲಿ ನನಗೆ ತಿಳಿಯಿತು. ಬೇರೆಯವರೊಡನೆ ವಾದ ಮಾಡಿ ನೋಡಿದೆ. ಸ್ಟಾಫ್ ರೂಮಿನಲ್ಲಿ ನಮ್ಮ ಭೌತಶಾಸ್ತ್ರದ ಹೊಸ ಮೇಷ್ಟ್ರನ್ನು ಕೆಣಕಿದರೆ ಆ ಪುಣ್ಯಾತ್ಮ, "ಇಬ್ಬರೂ ಒಳ್ಳೆಯವರೇ ಬಿಡಿ ಸಾರ್" ಎಂದ. ಇದಕ್ಕಿಂತ ದೊಡ್ಡ ಅವಮಾನ ಇಬ್ಬರಿಗೂ ಆಗಲಾರದು. ಕೊನೆಗೆ ಸುಗುಣಳನ್ನೇ ಕೇಳಿದೆ. ಅವಳು ತರಕಾರಿ ಹೆಚ್ಚುತ್ತ, "ನಂಗೆ ನನ್ನ ಅಣ್ಣ ದೊಡ್ಡವ. ಅವ ಬಪ್ಪ ಹಾಂಗೆ ಮಾಡಿ, ಮತ್ತೆ ಸಂಗೀತ ಕಾಂಬ" ಎಂದಳು. ನಾನು ಪೇಪರು ಬಿಡಿಸಿದೆ.

ನಾನು ಮಾಡಲಾರದ್ದನ್ನು ಅವಳೇ ಮಾಡಿದಳು. ನಮ್ಮ ಓಣಿಯ ಆಚೆ ಸುಬ್ರಾಯ ಮಾಷ್ಟ್ರ ಮನೆಯಿದೆ. ಶಾಲೆಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾಯಿತು, ಯಕ್ಷಗಾನದ ಪದ ಹಾಡುವ ಭಾಗವತಿಕೆಯಿಂದ ಇನ್ನೂ ಆಗಿಲ್ಲ. ಅವರ ಜಗಲಿಯಲ್ಲಿ ಶನಿವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಮಾಷ್ಟ್ರು ಪದ ಹೇಳುತ್ತಾರೆ, ನಾವು ಊರಿನ ಆರೆಂಟು ಜನ ಪಂಚೆ ಶಾಲಿನಲ್ಲಿ ಎದುರುಬದುರು ಕೂತು ರಾಮ, ವಾಲಿ, ಕೃಷ್ಣ, ಭೀಷ್ಮರಾಗಿ ಅರ್ಥ ಹೇಳುತ್ತೇವೆ. ನಾನು ಅಲ್ಲಿ ತಕ್ಕಮಟ್ಟಿನ ಅರ್ಥಧಾರಿ. ಭಾವನೂ ಹಿಂದೆಲ್ಲ ಬರುತ್ತಿದ್ದರು. ಸುಗುಣ ಹೇಳಿದ್ದನ್ನು ಪೂರ್ತಿ ಕೇಳಿದ ಮಾಷ್ಟ್ರು ನನ್ನನ್ನು ಕರೆಸಿ, "ಜಗಳ ಬಿಡಿ ಅಂದೇಳಿ ನಾ ಹೇಳುದಿಲ್ಲ. ಸಮ ಮಾಡಿ ಜಗಳ ಮಾಡಿ. ಕೂಕಂಡ್, ತಾಳ ಮದ್ದಳೆ ಇಟ್ಕಂಡ್ ಮಾಡಿ" ಎಂದರು. ಬರುವ ಶನಿವಾರ ಪುರಾಣ ಇಲ್ಲ, ಈ ಇಬ್ಬರು ಸಂಗೀತ ನಿರ್ದೇಶಕರದೇ ಸಂವಾದ. ಭಾವನನ್ನು ಒಪ್ಪಿಸಿ ಆಗಿದೆ. ನನಗೆ ಒಳಗೊಳಗೇ ಖುಷಿಯಾಯಿತು. ಮಾತಿನಲ್ಲಿ ಭಾವನನ್ನು ಸೋಲಿಸಿ, ಆಮೇಲೆ ದೊಡ್ಡ ಮನಸ್ಸಿನಿಂದ ಕ್ಷಮೆ ಕೇಳುವ ಚಿತ್ರವೊಂದು ಕಣ್ಣಮುಂದೆ ಬಂತು. ಆಗ ಮಾಷ್ಟ್ರು, "ನೀವ್ ಢೋಲಕ್ಕಿನವ್ರ ಅರ್ಥ ಹೇಳ್ಕ್, ಶ್ರೀಪತಿ ಪಿಟೀಲಿನವ್ರದ್ದ್" ಎಂದರು.

"ಅದ್ ಉಲ್ಟಾ ಆಯ್ತಲ್ದಾ ಮಾಷ್ಟ್ರೆ?" ಎಂದೆ.

"ಹೋದ್ ವಾರ ರಾಮ ಆದವ ಈ ವಾರ ವಾಲಿ ಆತಿಲ್ಯಾ? ಅರ್ಥ ಹೇಳುದ್ ಅಂದ್ರೆ ಅದೇ. ತನ್ನ ಮಾತ್ ಆಡುಕೆ ಮನಿ ಇತ್ತಲೆ."

ಇದಕ್ಕೆ ಎದುರು ಹೇಳುವ ಹಾಗಿಲ್ಲ, ನಮ್ಮಲ್ಲಿ ಅದೇ ಪದ್ಧತಿ. ಮನೆಗೆ ಬಂದು ಕೂತ ಮೇಲೆ ನನ್ನ ಪರಿಸ್ಥಿತಿ ನನಗೆ ಸ್ಪಷ್ಟವಾಯಿತು. ಅರ್ಥಗಾರಿಕೆಯಲ್ಲಿ ನಾನು ಗೆದ್ದರೆ ನನ್ನ ಬಾಯಿಂದಲೇ ನನ್ನ ಪಿಟೀಲಿನವರು ಸೋತ ಹಾಗೆ. ಪಿಟೀಲಿನವರನ್ನು ಗೆಲ್ಲಿಸಬೇಕೆಂದರೆ ಊರವರ ಎದುರು ನಾನು ಮಾತು ತಡವರಿಸಿ ಭಾವನಿಗೆ ಸೋಲಬೇಕು. ಬೇಕೆಂದೇ ಸೋಲುವುದೇ ಧರ್ಮ ಎಂದು ಭಾನುವಾರ ತೀರ್ಮಾನಿಸಿದೆ. ಸೋಮವಾರ, ಪೂರ್ತಿ ಸೋತರೆ ಮಾಷ್ಟ್ರು ಏನೆಂದುಕೊಂಡಾರು ಎನಿಸಿ, ಒಂದೆರಡು ಅಂಶ ಇಟ್ಟುಕೊಳ್ಳೋಣವೆಂದು ಮೊಬೈಲಿನಲ್ಲಿ ಢೋಲಕ್ಕಿನವರ ನಾಲ್ಕು ಹಾಡು ಕೇಳಿದೆ. ಬುಧವಾರದ ಹೊತ್ತಿಗೆ ನಲವತ್ತು ಕೇಳಿ ಎರಡು ಹಾಳೆ ಟಿಪ್ಪಣಿ ಮಾಡಿದ್ದೆ. ಗುರುವಾರ ಲ್ಯಾಬಿನಲ್ಲಿ ನನ್ನ ಬೆರಳು ತಾನಾಗಿಯೇ ಬೀಕರಿನ ಮೇಲೆ ತಾಳ ಹಾಕುತ್ತಿತ್ತು. ವಿದ್ಯಾರ್ಥಿನಿಯೊಬ್ಬಳು ಇದು ಪ್ರಯೋಗದ ಭಾಗವೇ ಎಂದು ಕೇಳಿದಳು.

ಶನಿವಾರ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಭಾವ ಬಂದರು. ನನ್ನನ್ನು ನೋಡಲಿಲ್ಲ, ಎದುರು ಚಾಪೆಯಲ್ಲಿ ಕೂತರು. ಸ್ವಲ್ಪ ಬಡವಾಗಿದ್ದರು. ಮಾಷ್ಟ್ರು ತಾವೇ ಕಟ್ಟಿದ ಒಂದು ಪದ ಹೇಳಿ ನನ್ನ ಕಡೆ ಕೈ ತೋರಿಸಿದರು. ಬಾಯಿ ತೆರೆದೆ ನೋಡಿ, ಸೋಲುವ ಯೋಚನೆ ಎಲ್ಲಿಗೋ ಹೋಯಿತು. "ಎಲೈ ಪಿಟೀಲಿನ ಒಡೆಯನೇ" ಎಂದು ಶುರುಮಾಡಿದವನು, ಕಾಲು ಕುಣಿಸದ ಸಂಗೀತ ಸಂಗೀತವೇ ಅಲ್ಲವೆಂದೂ, ಮದುವೆಯ ದಿಬ್ಬಣದಲ್ಲಿ ಯಾರೂ ಪಿಟೀಲಿಗೆ ಹೆಜ್ಜೆ ಹಾಕಿದ್ದನ್ನು ಕಂಡವರಿಲ್ಲವೆಂದೂ, ಭಾಷೆ ತಿಳಿಯದವನ ಬಾಯಲ್ಲೂ ಹಾಡು ನಿಂತರೆ ಅದು ಹಾಡಿನ ದೊಡ್ಡಸ್ತಿಕೆಯೆಂದೂ ಪುಂಖಾನುಪುಂಖವಾಗಿ ಹೇಳಿದೆ. ಜನ ತೊಡೆ ತಟ್ಟಿ ನಕ್ಕರು. ಮಾಷ್ಟ್ರು ತಲೆದೂಗಿದರು. ಮೂವತ್ತು ವರ್ಷ ನಾನು ಯಾರನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದೆನೋ ಅವರ ಮಾನವನ್ನು ಅರ್ಧ ಗಂಟೆಯಲ್ಲಿ ಕಳೆದು, ಬಹಳ ಹೆಮ್ಮೆಯಿಂದ ಶಾಲು ಸರಿಮಾಡಿಕೊಂಡೆ.

ಭಾವ ನಿಧಾನವಾಗಿ ಮಾತು ಎತ್ತಿದರು. ಮನೆಯಲ್ಲಿ ಬೊಬ್ಬೆ ಹೊಡೆಯುವ ಮನುಷ್ಯ ಅಲ್ಲಿ ದನಿ ಏರಿಸಲೇ ಇಲ್ಲ. "ಎಲೈ ಢೋಲಕ್ಕಿನ ಒಡೆಯನೇ, ನನ್ನನ್ನು ಕೇಳಿ ಯಾರು ಕುಣಿದರು ಎಂದು ಪ್ರಶ್ನಿಸುವೆಯಾ? ಯಾರೂ ಕುಣಿಯಲಿಲ್ಲ. ಮುಂಬೈಯ ಒಂದು ಹೋಟೆಲಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತಟ್ಟೆಗಳ ಸದ್ದು ನಿಲ್ಲುತ್ತಿತ್ತು. ಆ ಒಂದು ಗಂಟೆ ಅಡಿಗೆಯವನೊಬ್ಬ ಹಿಟ್ಟಿನ ಡಬ್ಬದ ಮೇಲೆ ಕುಳಿತು, ಊರಿನಿಂದ ತಂಗಿ ಕಳಿಸಿದ ಕ್ಯಾಸೆಟ್ಟಿನಲ್ಲಿ ನನ್ನನ್ನು ಕೇಳುತ್ತಿದ್ದ. ಅವನಿಗೆ ಸಂಗೀತ ತಿಳಿಯದು ಎಂದು ಅವನ ಬಂಧುವೇ ತುಂಬಿದ ಪಂಕ್ತಿಯಲ್ಲಿ ಹೇಳಿದ. ಇರಬಹುದು. ಆದರೆ ಸಂಗೀತ ತಿಳಿಯದ ಆ ಅಡಿಗೆಯವನನ್ನು ದಿನಕ್ಕೊಮ್ಮೆ ಮನೆಗೆ ಕರೆತಂದು ಮತ್ತೆ ಕೆಲಸಕ್ಕೆ ಕಳಿಸಿದವನು ನಾನು. ಹೇಳು, ನಿನ್ನ ಢೋಲಕ್ಕಿಗೆ ಅದು ಸಾಧ್ಯವಾಯಿತೇ?"

ಆ ಕ್ಯಾಸೆಟ್ಟುಗಳನ್ನು ತುಂಬಿಸಿದವನು ನಾನೇ. ಭಾವನನ್ನು ನನ್ನ ಪಕ್ಷಕ್ಕೆ ಎಳೆಯಬೇಕೆಂದು ಹಟ ಹಿಡಿದು, ಹಾಡು ಆರಿಸಿ, ಕುಂದಾಪುರದ ಅಂಗಡಿಯಲ್ಲಿ ತುಂಬಿಸಿ ಸುಗುಣಳ ಕೈಲಿ ಕಳಿಸುತ್ತಿದ್ದೆ. ಅವರು ಒಂದನ್ನೂ ಕೇಳಿದ್ದಾಗಿ ಯಾವತ್ತೂ ಒಪ್ಪಿಕೊಂಡಿರಲಿಲ್ಲ. ಎರಡು ಹಾಳೆ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮಾಷ್ಟ್ರು ತಾಳ ಹಿಡಿದು ನನ್ನನ್ನೇ ನೋಡುತ್ತಿದ್ದರು. ಅರ್ಥಧಾರಿ ಸುಮ್ಮನಾದರೆ ಸೋತ ಲೆಕ್ಕ.

"ಎಲೈ ಪಿಟೀಲಿನ ಒಡೆಯನೇ" ಎಂದೆ. "ಸದ್ದು ನಿಂತ ಮೇಲೆ ಬಂದವನು ನೀನು. ಉಳಿದ ಹೊತ್ತೆಲ್ಲ ತಟ್ಟೆ ಲೋಟಗಳ ನಡುವೆ ಅವನ ಜೊತೆಗಿದ್ದವನು ನಾನು. ಅಷ್ಟು ಸದ್ದಿನಲ್ಲಿಯೂ ನನ್ನನ್ನು ಹಿಡಿದಿಟ್ಟುಕೊಂಡ ಆ ಕಿವಿ ಎಂಥ ಕಿವಿ ಎಂದು ನಾನು ಬಲ್ಲೆ. ಆ ಕಿವಿಯನ್ನು ಹೀಯಾಳಿಸಿದ ಬಂಧು ಶುದ್ಧ ಮೂರ್ಖ. ಹೋಗಿ ತಪ್ಪಾಯಿತು ಎಂದು ಹೇಳುವ ಧೈರ್ಯವೂ ಅವನಿಗಿಲ್ಲ. ಅವನ ಪರವಾಗಿ ನಾನು ಈ ಸಭೆಯಲ್ಲಿ ತಲೆ ಬಾಗುತ್ತೇನೆ." ಬಾಗಿದೆ. ಸೋಲಿಗೂ ಗೆಲುವಿಗೂ ಸಂಬಂಧವಿಲ್ಲದೆ ಢೋಲಕ್ಕಿನವರು ಯಾಕೆ ತಲೆ ಬಾಗಬೇಕು ಎಂದು ಯಾರೂ ಕೇಳಲಿಲ್ಲ. ಮಾಷ್ಟ್ರು ಮಂಗಳ ಹಾಡಿಬಿಟ್ಟರು. ಎದುರು ಚಾಪೆಯಿಂದ ಭಾವ, "ಸಾಕ್ ಮರಾಯ್ರೆ, ಬೆನ್ನ್ ಹಿಡ್ಕಂತ್, ಏಳಿ" ಎಂದು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಹೆಂಗಸರ ಸಾಲಿನಲ್ಲಿ ಸುಗುಣ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ನನಗೆ ಎಂಟು ತಿಂಗಳಿನ ಭಾರ ಇಳಿಯಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಭಾನುವಾರ. ಹತ್ತಕ್ಕೆ ಸರಿಯಾಗಿ ಸ್ಕೂಟರು ಬಂತು. ಸುಗುಣ ಬೆಳಗ್ಗೆಯೇ ಎದ್ದು ಕೆಸುವಿನೆಲೆಯ ಪತ್ರೊಡೆ ಬೇಯಲು ಇಟ್ಟಿದ್ದಳು. ಭಾವ ಹೆಲ್ಮೆಟ್ ತೆಗೆದು, ಕುರ್ಚಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು ಹೇಳಿದರು: "ನಿನ್ನೆ ಅರ್ಥ ಹೇಳ್ತಾ ಹೇಳ್ತಾ ನಂಗೇ ಖಾತ್ರಿ ಆಯ್ತ್ ಭಾವ. ನಿಮ್ಮ ಪಿಟೀಲಿನವ್ರೇ ದೊಡ್ಡವ್ರ್. ಬಸ್, ಮುಗೀತ್."

ಈ ಒಂದು ವಾಕ್ಯ ಕೇಳಲು ನಾನು ಎಷ್ಟೋ ವರ್ಷ ಕಾದಿದ್ದೆ. ಕೇಳಿದೆ. "ಹೌದಲ್ದಾ?" ಎಂದೆ. "ಹೌದ್" ಎಂದರು. ಆಮೇಲೆ ಇಬ್ಬರೂ ಫ್ಯಾನು ನೋಡಿದೆವು. ಬಿಸಿಲು ಜಾಸ್ತಿ ಎಂದೆ, ಹೌದೆಂದರು. ಹೆದ್ದಾರಿಯಲ್ಲಿ ಲಾರಿಗಳ ಕಾಟ ಎಂದರು, ನಿಜ ಎಂದೆ. ಪತ್ರೊಡೆ ಬಿಸಿಬಿಸಿಯಾಗಿಯೇ ಮುಗಿಯಿತು. ನಮ್ಮ ಮನೆಯಲ್ಲಿ ಭಾನುವಾರದ ಊಟ ಇಪ್ಪತ್ತು ನಿಮಿಷದಲ್ಲಿ ಮುಗಿದದ್ದು ಅದೇ ಮೊದಲು. ಒಂದೂವರೆಗೆ ಭಾವ ಎದ್ದು, "ಹಾಂಗಾರೆ ನಾ ಹೋತೆ. ಇನ್ನ್ ಎಂತ ಇತ್ ಮಾತಾಡುಕೆ?" ಎಂದು ಜಗಲಿಯಿಂದ ಇಳಿದರು. ಅಡಿಗೆಮನೆಯ ಬಾಗಿಲಲ್ಲಿ ಸುಗುಣ ನಿಂತಿದ್ದಳು. ನನ್ನ ಜನ್ಮದ ವಾದ ಗೆದ್ದಾಗಿತ್ತು. ಹಾಗೇ ಬಿಟ್ಟರೆ ಮುಂದಿನ ಭಾನುವಾರ ಒಂದು ಗಂಟೆಗೆ ಹೋಗುತ್ತಾರೆ, ಅದರ ಮುಂದಿನ ಭಾನುವಾರ ಬರುವುದೇ ಇಲ್ಲ.

"ಹ್ವಾಯ್ ಭಾವ" ಎಂದು ಕೂಗಿದೆ. "ಆದ್ರೂ ಪಿಟೀಲಿನವ್ರ ಹಾಡ್ ಚೂರ್ ನಿಧಾನ ಅಲ್ದಾ? ಎರಡ್ ಕೇಂಡ್ರೆ ನಿದ್ರಿ ಬತ್ತ್."

ಅವರ ಒಂದು ಕಾಲು ಚಪ್ಪಲಿಯಲ್ಲಿತ್ತು. ಹೊರಗೆ ತೆಗೆದರು. "ಎಂತ ಹೇಳ್ದ್ರಿ? ಯಾರಿಗ್ ನಿದ್ರಿ ಬಪ್ಪುದ್? ಢೋಲಕ್ ಬಡ್ಕಂಡ್ ತಲಿ ಚಿಟ್ಟ್ ಹಿಡ್ದವ್ರಿಗಾ?" ಎಂದು ಮತ್ತೆ ಜಗಲಿ ಹತ್ತಿದರು. ಅವತ್ತು ಅವರು ಹೊರಟದ್ದು ಸಂಜೆ ಎರಡನೇ ಕಾಫಿ ಕುಡಿದ ಮೇಲೆ.

ಅವತ್ತಿನಿಂದ ನಾನು ಢೋಲಕ್ಕಿನವರ ವಕೀಲ. ಪ್ರತಿ ಭಾನುವಾರ ಭಾವ ನನ್ನ ಪಿಟೀಲಿನವರನ್ನು ಹೊಗಳುತ್ತಾರೆ, ನಾನು ಎದೆಯ ಮೇಲೆ ಕಲ್ಲಿಟ್ಟುಕೊಂಡು ತೆಗಳುತ್ತೇನೆ. ಕಷ್ಟವೇನೆಂದರೆ, ಅವರು ನನಗಿಂತ ಚೆನ್ನಾಗಿ ಹೊಗಳುತ್ತಾರೆ. ನನ್ನವರನ್ನು ಕೇಳಬೇಕೆನಿಸಿದರೆ ಈಗ ಕೋಣೆಯ ಬಾಗಿಲು ಹಾಕಿ, ಕಿವಿಗೆ ವಯರು ಸಿಕ್ಕಿಸಿಕೊಂಡು ಕೇಳಬೇಕು. ಹೋದ ಬುಧವಾರ ಹಾಗೆ ಕಣ್ಣು ಮುಚ್ಚಿ ಕೂತಿದ್ದೆ. ಬಾಗಿಲು ತೆರೆದದ್ದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ಭಾವ, ಕೈಯಲ್ಲಿ ತಂಗಿಗೆ ತಂದ ಹೀರೆಕಾಯಿ. "ಎಂತ ಕೇಂತಿದ್ರಿ?" ಎಂದರು. ಸಿಕ್ಕಿಬಿದ್ದೆ. "ನಿಮ್ಮ ಪಿಟೀಲಿನವ್ರದ್ದೇ, ತಪ್ಪ್ ಹುಡ್ಕ್ತಿದ್ದೆ" ಎಂದೆ. ಅವರು ಹೀರೆಕಾಯಿ ಕೆಳಗಿಟ್ಟು, ಮಂಚದ ಮೇಲೆ ಪಕ್ಕದಲ್ಲಿ ಕೂತು, ನನ್ನ ಒಂದು ಕಿವಿಯ ವಯರು ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡು, "ಎಲ್ಲಿತ್ ತಪ್ಪ್, ತೋರ್ಸಿ ಕಾಂಬ" ಎಂದರು. ಹಾಡನ್ನು ಮೊದಲಿನಿಂದ ಹಾಕಿದೆ. ಕೊನೆಯವರೆಗೆ ಇಬ್ಬರೂ ಮಾತಾಡಲಿಲ್ಲ. ಮುಗಿದಾಗ ಭಾವ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು. ನಾನು ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡು, "ಪಿಟೀಲ್ ಒಂಚೂರ್ ಜಾಸ್ತಿ ಆಯ್ತ್" ಎಂದೆ.